ಸರ ಕೊಡಬೇಡಿ ಅಕ್ಕ, ಮೊದಲು ಸಾಲದ ಪಟ್ಟಿ ಕೇಳಿ

(ಆನ್‌ಲೈನ್ ರಮ್ಮಿಯಲ್ಲಿ ಮನೆ ಕಳೆದುಕೊಂಡವರೊಬ್ಬರ ನೆನಪಿನ ಬರಹವನ್ನು ಕಳೆದ ತಿಂಗಳು ಪ್ರಕಟಿಸಿದ್ದೆವು. ಅದನ್ನು ಓದಿ ದಾವಣಗೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಆಡಿದವನು ಅತ್ತ, ನೀವು ನಾಲ್ಕು ಪುಟ ಕೊಟ್ಟಿರಿ. ಅವನ ಹೆಂಡತಿ ಏನಾದಳು ಅಂತ ಒಂದು ಸಾಲೂ ಇಲ್ಲ." ಅವರ ಗಂಡನೂ ಆಡುತ್ತಾರೆ. ಇನ್ನು ಮುಟ್ಟುವುದಿಲ್ಲ ಎಂದು ಕರ್ಪೂರ ಹಚ್ಚಿ ಆಣೆ ಮಾಡಿದ್ದಾರೆ. "ಇದೊಂದು ಸಲ ಸಾಲ ತೀರಿಸಲು ನನ್ನ ಸರ ಕೊಡಲೇ?" ಎಂದು ಕೇಳಿದ್ದಾರೆ.)

ಅಕ್ಕ, ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಬರಹವನ್ನು ಮೂರು ಸಲ ಓದಿ ತಿದ್ದಿದವನು ನಾನೇ. ಮೊದಲ ವಾರ ಗೆದ್ದ ಹಣ, ಬಚ್ಚಲಿನ ಬಾಗಿಲು ಹಾಕಿಕೊಂಡು ಆಡಿದ ರಾತ್ರಿಗಳು, ಅಡವಿಟ್ಟ ಬಳೆ, ಎಲ್ಲ ಅದರಲ್ಲಿತ್ತು. ಆ ಬಳೆ ಯಾರ ಕೈಯದು ಅಂತ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ತಪ್ಪಾಯಿತು.

ನಿಮ್ಮ ಪತ್ರ ಓದುವಾಗ ರಷ್ಯಾದ ದೊಡ್ಡ ಕಾದಂಬರಿಕಾರ ದಾಸ್ತೋವಸ್ಕಿಯ ಹೆಂಡತಿ ಅನ್ನಾ ನೆನಪಾದರು. 1867ರಲ್ಲಿ ಇಬ್ಬರ ಮದುವೆಯಾಯಿತು. ಅದೇ ಬೇಸಿಗೆಯಲ್ಲಿ ಜರ್ಮನಿಯ ಬಾಡೆನ್-ಬಾಡೆನ್‌ಗೆ ಹೋದರು. ಅಲ್ಲಿ ರೂಲೆಟ್ ಇತ್ತು. ತಿರುಗುವ ಚಕ್ರಕ್ಕೆ ಗೋಲಿ ಬಿಟ್ಟು, ಅದು ಯಾವ ಅಂಕಿಯಲ್ಲಿ ನಿಲ್ಲುತ್ತದೆ ಅಂತ ಹಣ ಕಟ್ಟುವ ಆಟ. ಅನ್ನಾಗೆ ಆಗ 20 ವರ್ಷ, ಬಸುರಿ ಬೇರೆ. ಗಂಡ ಇದ್ದದ್ದೆಲ್ಲ ಸೋತು ಬರುತ್ತಿದ್ದರು, ಮಂಡಿಯೂರಿ ಅಳುತ್ತಿದ್ದರು, ಮತ್ತೆ ಹಣ ಕೇಳುತ್ತಿದ್ದರು. ಮದುವೆಗೆ ಅವರೇ ಕೊಟ್ಟಿದ್ದ ಓಲೆ ಅಡವಿಗೆ ಹೋಯಿತು. ಕೋಟು ಹೋಯಿತು, ಬಟ್ಟೆಬರೆ ಹೋದವು. ಇದೆಲ್ಲ ನಮಗೆ ಗೊತ್ತಿರುವುದು ಅನ್ನಾ ದಿನಚರಿ ಬರೆದಿಟ್ಟದ್ದರಿಂದ. ಶೀಘ್ರಲಿಪಿಯಲ್ಲಿ ಬರೆಯುತ್ತಿದ್ದರು, ಗಂಡನಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ಆ ಕಣ್ಣೀರು ಸುಳ್ಳಲ್ಲ ಅಕ್ಕ. ಒಂದೊಂದು ಸಲವೂ ಅದು ನಿಜವಾದ ಕಣ್ಣೀರೇ. ಹಾಗಿದ್ದೂ ಆಟ ನಿಲ್ಲಲು ಇನ್ನೂ ನಾಲ್ಕು ವರ್ಷ ಬೇಕಾಯಿತು. 1871ರ ಏಪ್ರಿಲ್‌ನಲ್ಲಿ, ಜೂಜಾಡಲು ಹೋಗಿದ್ದ ಜರ್ಮನಿಯದೇ ಇನ್ನೊಂದು ಊರು ವೀಸ್‌ಬಾಡೆನ್‌ನಿಂದ ವಾಪಸ್ ಬರಲೆಂದು ಹೆಂಡತಿ ಕಳಿಸಿದ ದುಡ್ಡನ್ನೂ ಸೋತು, ಇನ್ನು ಆಡುವುದಿಲ್ಲ ಅಂತ ಪತ್ರ ಬರೆದರು. ಆ ಮಾತು ಉಳಿಯಿತು. 1881ರಲ್ಲಿ ಸಾಯುವವರೆಗೂ ಮತ್ತೆ ಆಡಲಿಲ್ಲ. ಆದರೆ ಅದಕ್ಕೂ ಮುಂಚಿನ ಆಣೆಗಳೂ ಅಷ್ಟೇ ಮನಸಾರೆ ಮಾಡಿದವು, ಅಲ್ವಾ?

ಋಗ್ವೇದದ ಹತ್ತನೇ ಮಂಡಲದಲ್ಲಿ, 34ನೇ ಸೂಕ್ತದಲ್ಲಿ, ಒಬ್ಬ ಜೂಜುಕೋರ ತನ್ನ ಕಥೆ ತಾನೇ ಹೇಳಿಕೊಳ್ಳುತ್ತಾನೆ. ಅತ್ತೆ ದ್ವೇಷಿಸುತ್ತಾಳೆ, ಹೆಂಡತಿ ದೂರ ತಳ್ಳುತ್ತಾಳೆ, ಯಾರೂ ಕರುಣೆ ತೋರಿಸುವುದಿಲ್ಲ. ಇನ್ನು ಆಡಬಾರದು ಅಂದುಕೊಳ್ಳುತ್ತಾನೆ. ದಾಳವಾಗಿ ಎಸೆಯುವ ಕಾಯಿ ಸದ್ದು ಮಾಡಿದ್ದೇ ತಡ, ಓಡುತ್ತಾನೆ. ಆ ಕಾಯಿ ನಮ್ಮ ಕಾಡಿನ ತಾರೆಕಾಯಿಯೇ. ಈಗ ಫೋನು ಟಿಣ್ ಅನ್ನುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ಮನೆಯಲ್ಲೂ ಇದು ನಡೆದಿದೆ. ನನ್ನ ಸೋದರಮಾವನಿಗೆ ಒಂದಂಕಿ ಲಾಟರಿಯ ಹುಚ್ಚು. ಅಜ್ಜಿ ತನ್ನ ಅವಲಕ್ಕಿ ಸರ ಮಾರಿ ಸಾಲ ತೀರಿಸಿದಳು. ಮಾವ ಅವಳ ಕಾಲು ಹಿಡಿದು ಅತ್ತದ್ದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದ್ದೇನೆ. ಹಳೇ ಸಾಲ ತೀರಿತಲ್ಲ, ಜನ ಮತ್ತೆ ನಂಬಿ ಹೊಸ ಸಾಲ ಕೊಟ್ಟರು. ಸರ ಹೋದದ್ದರಿಂದ ಮಾವನಿಗೆ ಸಿಕ್ಕಿದ್ದು ಅದೊಂದೇ. 2007ರಲ್ಲಿ ಸರ್ಕಾರ ಲಾಟರಿ ನಿಲ್ಲಿಸಿದಾಗ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಮಾವ ಓಸಿ, ಅಂದರೆ ಅಂಕಿಗೆ ಹಣ ಕಟ್ಟುವ ಕಳ್ಳ ಜೂಜು, ಬರೆಸಲು ಶುರು ಮಾಡಿದ. ಅದಕ್ಕೇ ಹೇಳುತ್ತೇನೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ, ಒಳ್ಳೆಯದೇ ಆಯಿತು, ಆದರೆ ಅದನ್ನು ನಂಬಿ ನೀವು ಸುಮ್ನೆ ಕೂರಬೇಡಿ.

ಸರ ಕೊಡಬೇಡಿ. ಸಂಘದಲ್ಲಿ ನಿಮ್ಮ ಹೆಸರಿಗೆ ಸಾಲ ಎತ್ತಲೂ ಬೇಡಿ. ಕೈಸಾಲ, ಆ್ಯಪ್ ಸಾಲ, ಬಡ್ಡಿ ಸಾಲ, ಚೀಟಿ ಹಣ, ಎಲ್ಲವನ್ನೂ ಒಂದು ಹಾಳೆಯಲ್ಲಿ ಅವರ ಕೈಯಿಂದಲೇ ಬರೆಸಿ. ಮೊದಲ ದಿನ ಅರ್ಧವೇ ಹೇಳುತ್ತಾರೆ. ವಾರ ಬಿಟ್ಟು ಮತ್ತೆ ಕೇಳಿ. ಸಂಬಳದ ಖಾತೆಯ ವ್ಯವಹಾರ ಸದ್ಯಕ್ಕೆ ನಿಮ್ಮ ಕೈಗೆ ಬರಲಿ. ತೀರಿಸುವುದಿದ್ದರೆ ಅವರ ದುಡಿಮೆಯಿಂದ ತಿಂಗಳು ತಿಂಗಳು ತೀರಲಿ.

ಜೊತೆಗೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಕಾಯಿಲೆ ಅಂದ ಮಾತ್ರಕ್ಕೆ ನೀವು ಎಲ್ಲ ಸಹಿಸಬೇಕು ಅಂತಲ್ಲ, ಔಷಧೋಪಚಾರ ಇದೆ ಅಂತ. ಫೋನಿನ ಚಟಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದು ನಿಮಗೂ ಸಲ್ಲುತ್ತದೆ, ಅವರೊಬ್ಬರಿಗೇ ಅಲ್ಲ. ಬದುಕಿದ್ದೇನು ಪ್ರಯೋಜನ ಅನ್ನುವಂಥ ಮಾತು ಅವರ ಬಾಯಲ್ಲಿ ಬಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಫೋನ್ ಮಾಡಿ.

ನಿಮ್ಮ ಹೆಸರು, ಊರು ತೆಗೆದೇ ಪತ್ರ ಅಚ್ಚಿಗೆ ಕೊಟ್ಟಿದ್ದೇನೆ. ಇನ್ನೊಂದು ಕೇಳಿಕೊಳ್ಳುತ್ತೇನೆ. ನಿಮಗೆ ಆಗುವಾಗ, ನಿಮ್ಮ ಕಡೆಯ ಕಥೆ ಬರೆದು ಕಳಿಸಿ. ಹೇಗೆ ಬಂದರೂ ಸರಿ, ಕಾಗುಣಿತ ನಾವು ನೋಡಿಕೊಳ್ಳುತ್ತೇವೆ. ಅದಕ್ಕೂ ನಾಲ್ಕು ಪುಟ ತೆಗೆದಿಟ್ಟಿರುತ್ತೇನೆ.

— ಸಂಪಾದಕ