ಮನೆ ತೊಳೆದು ಸುಣ್ಣ ಹೊಡೆದರೂ ರೇಷ್ಮೆ ಹುಳಕ್ಕೆ ಪೆಬ್ರಿನ್ ರೋಗ ಹೇಗೆ ಬಂತು?

ಬಹುತೇಕ ಮೊಟ್ಟೆಯ ಜೊತೆಗೇ ಬಂದಿದೆ. ಆಳಂದದ ನಿಮ್ಮ ಸಾಕಣೆ ಮನೆ ಎಷ್ಟೇ ಚೊಕ್ಕವಾಗಿದ್ದರೂ, ತಾಯಿ ಚಿಟ್ಟೆಗೆ ರೋಗವಿದ್ದರೆ ಅದು ಮೊಟ್ಟೆಯೊಳಗೇ ಇಳಿಯುತ್ತದೆ.

ಇದಕ್ಕೆ ಕಾರಣ ನೊಸೆಮಾ ಬಾಂಬಿಸಿಸ್ ಎಂಬ ಕಣ್ಣಿಗೆ ಕಾಣದ ಪರಾವಲಂಬಿ. ಇದರ ಬೀಜಕಣ ಸೊಪ್ಪಿನ ಜೊತೆ ಹುಳದ ಹೊಟ್ಟೆ ಸೇರಿದ ಮೇಲೆ ಒಳಗಿಂದ ಸಣ್ಣ ಕೊಳವೆಯೊಂದು ಸರ್ರನೆ ಹೊರಚಿಮ್ಮುತ್ತದೆ. ಸೂಜಿಮದ್ದು ಕೊಟ್ಟ ಹಾಗೆ, ಆ ಕೊಳವೆಯ ಮೂಲಕ ರೋಗ ನೇರ ಜೀವಕೋಶದೊಳಗೆ ಹೋಗುತ್ತದೆ. ಆಮೇಲೆ ಅಂಡಾಶಯಕ್ಕೂ ಹರಡುತ್ತದೆ. ಹುಳಗಳು ಒಂದೇ ಸಮ ಬೆಳೆಯುವುದಿಲ್ಲ. ಕೆಲವುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಕಾಣುತ್ತವೆ.

ಮದ್ದು ಹುಡುಕುತ್ತಾ ಸುಮ್ನೆ ದುಡ್ಡು ಕಳೆಯಬೇಡಿ. ರೋಗ ಹತ್ತಿದ ಬೆಳೆಯನ್ನು ಉಳಿಸುವ ನಂಬಿಕಸ್ತ ಔಷಧಿ ಇಲ್ಲ. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿದ ದಾರಿಯೇ ಇವತ್ತಿಗೂ ನಡೆಯುತ್ತಿದೆ: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಬೀಜಕಣ ಕಂಡರೆ ಆ ಮೊಟ್ಟೆ ಸುಟ್ಟುಹಾಕುವುದು. ಹಾಗಾಗಿ ಪರೀಕ್ಷೆ ಆದ ರೋಗರಹಿತ ಮೊಟ್ಟೆಯನ್ನೇ ತನ್ನಿ. ರೋಗದ ಹುಳ, ಹಿಕ್ಕೆ, ಉಳಿದ ಸೊಪ್ಪನ್ನು ಹಿಪ್ಪುನೇರಳೆ ತೋಟಕ್ಕೆ ಮಾತ್ರ ಸುರಿಯಬೇಡಿ, ಸುಟ್ಟುಬಿಡಿ.