ಕಾರ್ಕಳದ ಗೇರುಬೀಜ ಘಟಕ: ಹೂಡಿಕೆದಾರರು ಹಿಂದೆ ಸರಿದದ್ದು ಯಾಕೆ?

ಕಾರ್ಕಳದಲ್ಲಿ ಗೇರುಬೀಜ ಘಟಕಕ್ಕೆ ಜಾಗ ಕೊಡ್ತೇವೆ ಅಂದರೂ ಬೆಂಗಳೂರಿನ ಹೂಡಿಕೆದಾರರು ಯಾಕೆ ಕೈಬಿಟ್ಟರು ಅಂತ ಕೇಳಿದ್ದೀರಿ. ಮಾಲು ಸಾಲದ್ದೇ ಕಾರಣ ಇರಬೇಕು. ನೀವು ಹದಿನಾಲ್ಕು ಬೆಳೆಗಾರರು. ಬೀಜ ಸಿಗುವುದು ಫೆಬ್ರವರಿಯಿಂದ ಮೇವರೆಗೆ, ಫ್ಯಾಕ್ಟರಿಗೆ ವರ್ಷವಿಡೀ ಬೇಕು. ಇಲ್ಲಿನ ದೊಡ್ಡ ಫ್ಯಾಕ್ಟರಿಗಳೇ ಆಫ್ರಿಕಾದಿಂದ ಬೀಜ ತರಿಸುತ್ತವೆ, ಅಲ್ವಾ? ಆ ಹೂಡಿಕೆದಾರರಿಗೆ ಬೇರೆ ಲೆಕ್ಕವೂ ಇದ್ದಿರಬಹುದು, ಆದರೆ ನಮ್ಮ ಬೆಳೆಗಾರರ ಗುಂಪು ಹೀಗೇ ಕೇಳಿದಾಗ ಬಂದ ಉತ್ತರ ಇದೇ.

ಮೊದಲು ಯಾರ ತೋಟದಲ್ಲಿ ಎಷ್ಟು ಕ್ವಿಂಟಲ್ ಎಂದು ಬರೆದಿಡಿ. ಆಮೇಲೆ ಎಲ್ಲರೂ ಒಂದೇ ಹದಕ್ಕೆ ಒಣಗಿಸಿ. ಮುಷ್ಟಿಯಲ್ಲಿ ಹಿಡಿದು ಕುಲುಕಿದರೆ ಗಲಗಲ ಅನ್ನಬೇಕು. ಖರೀದಿಗೆ ಬಂದವರು ಬೀಜ ಕತ್ತರಿಸಿ ತಿರುಳು ತೂಗುತ್ತಾರೆ. ಒಬ್ಬರ ಹಸಿ ಬೀಜ ಸೇರಿದರೂ ಇಡೀ ಲಾಟಿನ ರೇಟು ಬೀಳುತ್ತದೆ. ನಮಗೆ ಪೆಟ್ಟು ಬಿದ್ದದ್ದು ಇಲ್ಲೇ.

ನಂತರ ಬೆಳೆಗಾರರೇ ಮಾಲೀಕರಾಗಿರುವ ಉತ್ಪಾದಕರ ಕಂಪನಿ ಮಾಡಿ, ಹತ್ತು ಬೆಳೆಗಾರರಿದ್ದರೆ ಸಾಕು. ಗೋದಾಮಿಗೆ ಕೇಂದ್ರ ಸರ್ಕಾರದ ಕೃಷಿ ಮೂಲಸೌಕರ್ಯ ನಿಧಿಯ ಸಾಲ ಸಿಗುತ್ತದಾ ಎಂದು ಬ್ಯಾಂಕಲ್ಲಿ ವಿಚಾರಿಸಿ. 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3% ರಿಯಾಯಿತಿ ಇಟ್ಟ ಯೋಜನೆ ಅದು. ಅವಸರ ಬೇಡ. ಅಡಿಕೆ, ಕೊಕೊ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ, ಅದರ ಪುತ್ತೂರಿನ ಚಾಕೊಲೇಟ್ ಫ್ಯಾಕ್ಟರಿ ಬಂದದ್ದು 1986ರಲ್ಲಿ.

ಹೊರಗಿನ ದುಡ್ಡು ಮತ್ತೆ ಬಂದರೆ, ಬೀಜದ ದರ ಹೇಗೆ ಕಟ್ಟುತ್ತಾರೆ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳದೆ ಸುಮ್ನೆ ಜಾಗ ಲೀಸಿಗೆ ಕೊಡಬೇಡಿ.