ಮನುಷ್ಯರ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ಭಾಗ ಮಾಡಿ ನಾಯಿ, ಬೆಕ್ಕಿಗೆ ಕೊಡಬಹುದೇ?

ಮನೆಯಲ್ಲಿ 12 ಕೆ.ಜಿ. ತೂಕದ ನಾಯಿಯೂ 3 ಕೆ.ಜಿ. ತೂಕದ ಬೆಕ್ಕೂ ಇವೆ, ನಾಯಿ ಕುಂಟುತ್ತಿದೆ, ಬೆಕ್ಕಿನ ಮೈ ಬಿಸಿಯಾಗಿದೆ, ಹಾಗಾಗಿ ಮನೆಯಲ್ಲಿರುವ ನೋವಿನ ಮಾತ್ರೆ, ಜ್ವರದ ಮಾತ್ರೆಗಳನ್ನು ತೂಕದ ಲೆಕ್ಕದಲ್ಲಿ ಕೊಡಬಹುದೇ, ಆ ಲೆಕ್ಕ ಹಾಕುವುದು ಹೇಗೆ ಎಂದು ನೀವು ಕೇಳಿದ್ದೀರಿ. ನಾನು ಪಶುವೈದ್ಯೆ. ಬೆಕ್ಕಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಅದಕ್ಕೆ ಪ್ಯಾರಸಿಟಮಾಲ್ ಕೊಡಲೇಬೇಡಿ. ಕಾಲು ಮಾತ್ರೆಯೂ ಬೇಡ, ಮಕ್ಕಳ ಸಿರಪ್ಪೂ ಬೇಡ.

ಮಕ್ಕಳ ವೈದ್ಯರು ಪ್ಯಾರಸಿಟಮಾಲ್ ಬರೆಯುವಾಗ ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. ಲೆಕ್ಕ ಹಿಡಿಯುತ್ತಾರೆ. ಅದನ್ನೇ ನಿಮ್ಮ ಬೆಕ್ಕಿಗೆ ಅನ್ವಯಿಸಿದರೆ 30ರಿಂದ 45 ಮಿ.ಗ್ರಾಂ. ಬರುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ, ಆದರೆ ಬೆಕ್ಕುಗಳಲ್ಲಿ ಕಿಲೋಗೆ 10 ಮಿ.ಗ್ರಾಂ. ಕೂಡ ವಿಷವಾದ ದಾಖಲೆಗಳಿವೆ. ನಮ್ಮ ಯಕೃತ್ತು ಈ ಔಷಧಿಯ ಬಹುಭಾಗಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಅಥವಾ ಸಲ್ಫೇಟನ್ನು ಜೋಡಿಸಿ ಮೂತ್ರದ ಮೂಲಕ ಹೊರಗೆ ಕಳುಹಿಸುತ್ತದೆ. ಬೆಕ್ಕಿನಲ್ಲಿ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಬೇಕಾದ ಕಿಣ್ವದ ವಂಶವಾಹಿ ನಿಷ್ಕ್ರಿಯವಾಗಿರುವುದರಿಂದ ಔಷಧಿ ಮೈಯಲ್ಲೇ ಉಳಿದು, ಅದರಿಂದ ಹುಟ್ಟುವ ವಸ್ತುಗಳು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾಗದಂತೆ ಮಾಡಿಬಿಡುತ್ತವೆ. ಒಸಡಿನ ಬಣ್ಣ ಕಂದು ಅಥವಾ ನೀಲಿಗೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಹೀಗೆ ನರಳುತ್ತಿದ್ದ ಬೆಕ್ಕೊಂದನ್ನು ಒಮ್ಮೆ ನನ್ನ ಬಳಿಗೆ ತಂದಿದ್ದ ದಂಪತಿ, ತಾವು ಸಿರಪ್ಪನ್ನು ಹನಿಹನಿಯಾಗಿ ಅಳೆದೇ ಕೊಟ್ಟದ್ದೆಂದು ತೋರಿಸಲು ಲೆಕ್ಕ ಬರೆದ ಕಾಗದವನ್ನೂ ತಂದಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಬೆಕ್ಕು ಉಳಿಯಲಿಲ್ಲ. ಅಂದಿನಿಂದ ಯಾರು ಲೆಕ್ಕ ಕೇಳಿದರೂ, ಈ ಔಷಧಿ ಈ ಜಾತಿಯ ಪ್ರಾಣಿಗೆ ಆಗುತ್ತದೆಯೇ ಎಂಬುದನ್ನು ಇತ್ಯರ್ಥ ಮಾಡಿಕೊಂಡ ನಂತರವೇ ತೂಕದ ಮಾತಿಗೆ ಬರುತ್ತೇನೆ.

ಇನ್ನು ಮೈ ಬಿಸಿಯಿರುವ ವಿಚಾರ. ಆರೋಗ್ಯವಾಗಿರುವ ನಾಯಿ, ಬೆಕ್ಕುಗಳ ಮೈಶಾಖವೇ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ ನಮ್ಮ ಕೈಗೆ ಅವು ಯಾವಾಗಲೂ ಬಿಸಿಯಾಗಿಯೇ ಇರುತ್ತವೆ. ಬೆಕ್ಕು ಎಂದಿನಂತೆ ತಿಂದು ಓಡಾಡುತ್ತಿದ್ದರೆ ಅದಕ್ಕೆ ಜ್ವರವೇ ಇಲ್ಲದಿರಬಹುದು. ಊಟ ಬಿಟ್ಟು ಮೂಲೆ ಸೇರಿದ್ದರೆ ವೈದ್ಯರಿಗೆ ತೋರಿಸಿ.

ನಾಯಿಯ ಕುಂಟಿಗೆ ಪಶುವೈದ್ಯರು ಹೆಚ್ಚಾಗಿ ಬರೆಯುವ ಮೆಲಾಕ್ಸಿಕ್ಯಾಮನ್ನೇ ಉದಾಹರಣೆಯಾಗಿ ಹಿಡಿದು ಲೆಕ್ಕದ ಕ್ರಮವನ್ನು ವಿವರಿಸುತ್ತೇನೆ. ಇದನ್ನು ನಿಮ್ಮ ನಾಯಿಗೆ ಬರೆದ ಚೀಟಿಯೆಂದು ದಯವಿಟ್ಟು ಭಾವಿಸಬೇಡಿ, ಏಕೆಂದರೆ ಕಿಡ್ನಿ ತೊಂದರೆಯಿರುವ, ವಾಂತಿ-ಭೇದಿಯಿಂದ ನೀರಿನಂಶ ಕಳೆದುಕೊಂಡಿರುವ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ನಾಯಿಗೆ ಇದನ್ನು ಕೊಡುವಂತಿಲ್ಲ, ಅದನ್ನು ನೋಡಿ ತೀರ್ಮಾನಿಸಬೇಕಾದವರು ವೈದ್ಯರು. ನಾಯಿಗೆ ಮೊದಲ ದಿನ ಕಿಲೋಗೆ 0.2 ಮಿ.ಗ್ರಾಂ., ನಂತರ ದಿನಕ್ಕೊಮ್ಮೆ 0.1 ಮಿ.ಗ್ರಾಂ. ಎಂಬುದು ರೂಢಿಯ ಪ್ರಮಾಣ. ಎರಡನೆಯ ದಿನದಿಂದ ನಿಮ್ಮ 12 ಕೆ.ಜಿ. ನಾಯಿಗೆ 12 × 0.1, ಅಂದರೆ 1.2 ಮಿ.ಗ್ರಾಂ. ಆಗುತ್ತದೆ. ಬಹಳ ಜನ ಇಲ್ಲಿಗೇ ಲೆಕ್ಕ ಮುಗಿಯಿತೆಂದು ತಿಳಿದು 1.2 ಎಂ.ಎಲ್. ಕೊಟ್ಟುಬಿಡುತ್ತಾರೆ. ಮಿಲಿಗ್ರಾಂ ಔಷಧಿಯ ತೂಕ, ಎಂ.ಎಲ್. ದ್ರವದ ಅಳತೆ, ಇವೆರಡರ ನಡುವಿನ ಕೊಂಡಿ ಬಾಟಲಿಯ ಮೇಲೆ ಅಚ್ಚಾಗಿರುತ್ತದೆ. ಬಾಟಲಿಯಲ್ಲಿ ಪ್ರತಿ ಎಂ.ಎಲ್.ಗೆ 1.5 ಮಿ.ಗ್ರಾಂ. ಎಂದಿದ್ದರೆ 1.2ನ್ನು 1.5ರಿಂದ ಭಾಗಿಸಬೇಕು, ಉತ್ತರ 0.8 ಎಂ.ಎಲ್. ಬರುತ್ತದೆ. ಒಂದೇ ಹೆಸರಿನ ಔಷಧಿ ಬೇರೆ ಬೇರೆ ಸಾಂದ್ರತೆಯಲ್ಲಿ ಸಿಗುವುದರಿಂದ, ಹೋದ ಸಲದ ಬಾಟಲಿಗೆ ಹಾಕಿದ ಲೆಕ್ಕವನ್ನು ಹೊಸ ಬಾಟಲಿಗೆ ಹಾಗೆಯೇ ಬಳಸಬಾರದು. ಮನುಷ್ಯರ ಮೆಲಾಕ್ಸಿಕ್ಯಾಮ್ ಮಾತ್ರೆ 7.5 ಅಥವಾ 15 ಮಿ.ಗ್ರಾಂ. ಇರುತ್ತದೆ, 1.2 ಮಿ.ಗ್ರಾಂ. ಬೇಕೆಂದರೆ ಚಿಕ್ಕ ಮಾತ್ರೆಯನ್ನೇ ಆರು ಭಾಗ ಮಾಡಿದರೂ ಒಂದೊಂದು ಭಾಗ ಬೇಕಾದ್ದಕ್ಕಿಂತ ತುಸು ಹೆಚ್ಚೇ ಆಗುತ್ತದೆ. ಅಷ್ಟು ಸಣ್ಣ ಮಾತ್ರೆಯನ್ನು ಬ್ಲೇಡಿನಿಂದ ಸಮನಾಗಿ ಕತ್ತರಿಸುವುದು ನನ್ನಿಂದಲೂ ಆಗದ ಕೆಲಸ. ಮನೆಯಲ್ಲಿ ಸಾಮಾನ್ಯವಾಗಿರುವ ಐಬುಪ್ರೊಫೆನ್ ಅಂತೂ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನೂ ಕೆಡಿಸುತ್ತದೆ. ಅದನ್ನು ಯಾವ ಪ್ರಮಾಣದಲ್ಲಿಯೂ ಕೊಡಬೇಡಿ.

ಅಳೆಯುವಾಗ ಸೂಜಿಯಿಲ್ಲದ 1 ಎಂ.ಎಲ್. ಸಿರಿಂಜ್ ಬಳಸಿ, ಅಡುಗೆಮನೆಯ ಚಮಚ ಬೇಡ. ಇನ್ಸುಲಿನ್ ಸಿರಿಂಜ್ ಕೈಗೆ ಸಿಕ್ಕಿದರೆ ಎಚ್ಚರವಿರಲಿ. ಅದರ ಮೇಲಿನ ಅಂಕಿಗಳು ಯೂನಿಟ್ಟುಗಳು, 40ರ ಸಿರಿಂಜಿನಲ್ಲಿ 40 ಯೂನಿಟ್ ಸೇರಿದರೆ 1 ಎಂ.ಎಲ್. ಆಗುತ್ತದೆ. ಲೆಕ್ಕವನ್ನು ಬರೆದಿಡುವಾಗ ಸೊನ್ನೆ ಬಿಟ್ಟು .8 ಎಂದು ಬರೆಯಬೇಡಿ, ಚುಕ್ಕಿ ಮಾಸಿದರೆ ಅದು 8 ಆಗುತ್ತದೆ, ಹತ್ತು ಪಟ್ಟು ಔಷಧಿ ಹೊಟ್ಟೆಗೆ ಹೋಗುತ್ತದೆ. ತೂಕ ನೋಡಲು ನಾಯಿಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತು, ನಂತರ ನಿಮ್ಮ ತೂಕವನ್ನು ಕಳೆಯಬಹುದು. ಬೆಕ್ಕಿಗೆ ಈ ಉಪಾಯ ಸಾಲದು: ಅರ್ಧ ಕಿಲೋ ಹೆಚ್ಚುಕಡಿಮೆಯಾದರೂ 3 ಕೆ.ಜಿ. ಪ್ರಾಣಿಯಲ್ಲಿ ಅದು ಆರನೆಯ ಒಂದು ಪಾಲು. ಬುಟ್ಟಿಯಲ್ಲಿ ಕೂರಿಸಿ ಡಿಜಿಟಲ್ ತಕ್ಕಡಿಯಲ್ಲಿಟ್ಟು, ಬುಟ್ಟಿಯ ತೂಕ ಕಳೆಯಿರಿ.

ನೀವು ಕೇಳಿಲ್ಲವಾದರೂ, ಹಸು ಸಾಕಿರುವ ಮನೆಗಳಲ್ಲಿ ಪದೇಪದೇ ಆಗುವ ತಪ್ಪೊಂದನ್ನು ಇಲ್ಲಿ ಹೇಳಬೇಕು. ದನಕ್ಕೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ ಬಾಟಲಿಯ ಮೇಲೆ ಶೇ. 1 ಎಂದಿರುತ್ತದೆ, ಅಂದರೆ ಪ್ರತಿ ಎಂ.ಎಲ್.ನಲ್ಲಿ 10 ಮಿ.ಗ್ರಾಂ.; ಇದು 50 ಕೆ.ಜಿ. ದನದ ಮೈಗೆ 1 ಎಂ.ಎಲ್. ಕೊಡುವ ಔಷಧಿ. ನಾಯಿಯ ಮೈಮೇಲಿನ ಕಜ್ಜಿಗೆಂದು ಅದನ್ನೇ ಅಂದಾಜಿನಲ್ಲಿ ಚುಚ್ಚುತ್ತಾರೆ. ಕೋಲಿ ಮತ್ತು ಅದಕ್ಕೆ ಹತ್ತಿರದ ಕೆಲವು ತಳಿಗಳ ಅನೇಕ ನಾಯಿಗಳಲ್ಲಿ ಈ ಔಷಧಿಯನ್ನು ಮಿದುಳಿನಿಂದ ಹೊರಗಿಡುವ ಪ್ರೋಟೀನ್ ದೋಷಪೂರಿತವಾಗಿರುತ್ತದೆ. ಬೇರೆ ನಾಯಿಗಳು ತಡೆದುಕೊಳ್ಳುವ ಪ್ರಮಾಣಕ್ಕೇ ಅವು ತೂರಾಡಿ, ಕಣ್ಣು ಕಾಣದಂತಾಗಿ, ಕೋಮಾಕ್ಕೆ ಜಾರಬಹುದು. ಹಾಗೆಯೇ ರಕ್ತ ಹೀರುವ ಉಣ್ಣಿಗಳನ್ನು ಕೊಲ್ಲಲು ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಾಯಿಗೆ ಹಚ್ಚಿದ ದಿನ ಬೆಕ್ಕು ಅದರ ಪಕ್ಕದಲ್ಲಿ ಮಲಗದಂತೆ ನೋಡಿಕೊಳ್ಳಿ.

ಈ ಉತ್ತರ ಓದುವ ಮೊದಲೇ ಬೆಕ್ಕಿಗೆ ಪ್ಯಾರಸಿಟಮಾಲ್ ಕೊಟ್ಟಿದ್ದರೆ ಲಕ್ಷಣ ಕಾಣಲೆಂದು ಕಾಯಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಎಷ್ಟು ಬೇಗ ಸಿಕ್ಕರೆ ಅಷ್ಟು ಉಪಯೋಗ. ಹೊರಡುವಾಗಲೇ ಪಶು ಆಸ್ಪತ್ರೆಗೆ ಫೋನ್ ಮಾಡಿ ಬೆಕ್ಕಿನ ತೂಕ, ಮಾತ್ರೆಯ ಮೇಲಿರುವ ಮಿಲಿಗ್ರಾಂ, ಕೊಟ್ಟ ಹೊತ್ತು ಮೂರನ್ನೂ ತಿಳಿಸಿ, ಆ ಔಷಧಿ ಅವರಲ್ಲಿದೆಯೇ ಎಂದು ಕೇಳಿ, ಮಾತ್ರೆಯ ಸ್ಟ್ರಿಪ್ಪನ್ನು ಜೊತೆಯಲ್ಲೇ ತೆಗೆದುಕೊಂಡು ಹೋಗಿ.